‘ಆಮೇಲೆ ಕೊಡಿ’ ಬಟನ್ ಇಲ್ಲದಿದ್ದರೆ ಆ ವಸ್ತುವನ್ನು ಕೊಳ್ಳುತ್ತಿದ್ದೆವಾ?

ಸಂಜೆಗಾಳಿ:

ನೇರವಾಗಿ ವಿಷಯಕ್ಕೆ ಬರುತ್ತೇನೆ. ಆನ್‌ಲೈನ್‌ನಲ್ಲಿ ಏನೇ ಕೊಳ್ಳಲು ಹೋದರೂ ಕೊನೆಯ ಪುಟದಲ್ಲಿ ‘ಈಗ ಕೊಳ್ಳಿ, ಆಮೇಲೆ ಕೊಡಿ’ ಅನ್ನುವ ಆಯ್ಕೆ ಎದುರಿಗೇ ಇರುತ್ತದೆ. ಕೆಲವು ಕಡೆ ಅದಕ್ಕೆ ಮೊದಲೇ ಟಿಕ್ ಬಿದ್ದಿರುತ್ತದೆ. ಈ ಬಗ್ಗೆ ಮಾತು ಬಂದಾಗಲೆಲ್ಲ ಜನ ಬಡ್ಡಿ ಎಷ್ಟು, ದಂಡ ಎಷ್ಟು ಅಂತ ಕೇಳುತ್ತಾರೆ. ಅದು ಮುಖ್ಯವೇ. ಆದರೆ ಒಂದು ಪೈಸೆ ಬಡ್ಡಿ ಇಲ್ಲದ ಕಂತು ಕೂಡ ನಮ್ಮಿಂದ ಏನನ್ನೋ ಕಿತ್ತುಕೊಳ್ಳುತ್ತಿದೆ ಅನ್ನುವುದು ನನ್ನ ವಾದ.

ಬೇಕು ಅನ್ನಿಸುವುದಕ್ಕೂ ದುಡ್ಡು ಬಿಚ್ಚುವುದಕ್ಕೂ ನಡುವೆ ಮೊದಲು ಒಂದು ಸಣ್ಣ ಬಿಡುವು ಇರುತ್ತಿತ್ತು. ಖಾತೆಯಲ್ಲಿ ಎಷ್ಟಿದೆ ನೋಡಬೇಕು, ಈ ತಿಂಗಳು ಬೇರೆ ಏನೇನಿದೆ ನೆನಪಿಸಿಕೊಳ್ಳಬೇಕು. ಅಷ್ಟರಲ್ಲಿ ಅರ್ಧ ಆಸೆ ತಾನಾಗಿಯೇ ಇಳಿದುಹೋಗುತ್ತಿತ್ತು. ಈಗ ಆ ಬಿಡುವು ಜಾಗ ಬದಲಿಸಿದೆ. ಕೊಳ್ಳುವ ಮೊದಲು ಇರಬೇಕಾದದ್ದು ಕೊಂಡ ಮೇಲೆ ಬಂದು ಕೂತಿದೆ. ವಸ್ತು ಕೈಗೆ ಬಂದ ಮೇಲೆ ಯೋಚನೆ ಮಾಡಲು ಆರು ವಾರ ಸಿಗುತ್ತದೆ. ಆಗ ಯೋಚಿಸಿ ಏನು ಪ್ರಯೋಜನ?

ನನ್ನ ಪ್ರಕಾರ ಇದನ್ನು ಬರೀ ‘ಜನರಿಗೆ ಹಿಡಿತ ಇಲ್ಲ’ ಅಂತ ತಳ್ಳಿಹಾಕುವುದು ತಪ್ಪು. ನೀವೇನು ಹೇಳುತ್ತೀರಿ?

ನೇರಮಾತು:

ನಾನು ಒಪ್ಪುವುದಿಲ್ಲ. ಕಂತಿನಲ್ಲಿ ಕೊಳ್ಳುವುದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1850ರ ದಶಕದಲ್ಲೇ ಸಿಂಗರ್ ಕಂಪನಿ ಹೊಲಿಗೆ ಯಂತ್ರವನ್ನು ಕಂತಿನ ಮೇಲೆ ಮಾರುತ್ತಿತ್ತು. ಒಂದೇ ಸಲಕ್ಕೆ ಅಷ್ಟು ದುಡ್ಡು ಹೊಂದಿಸಲಾಗದ ಎಷ್ಟೋ ಮನೆಗಳಿಗೆ ಯಂತ್ರ ಬಂದಿದ್ದು ಹಾಗೇ. ಅದರಲ್ಲಿ ದುಡಿದು ಕಂತು ಕಟ್ಟಿದವರೂ ಇದ್ದರು.

ಈಗಲೂ ಅಷ್ಟೇ. ತಿಂಗಳ ಮಧ್ಯದಲ್ಲಿ ಫ್ರಿಜ್ ಕೆಟ್ಟರೆ, ಓದುವ ಮಗುವಿಗೆ ಲ್ಯಾಪ್‌ಟಾಪ್ ಬೇಕಾದರೆ, ಬಡ್ಡಿ ಇಲ್ಲದೆ ಮೂರು ನಾಲ್ಕು ಭಾಗ ಮಾಡಿ ಕೊಡುವ ಅವಕಾಶ ಇದ್ದರೆ ಅದನ್ನು ಯಾಕೆ ಬಿಡಬೇಕು? ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ. ಮುಗಿಯುವ ತಾರೀಕು ಮೊದಲೇ ಗೊತ್ತಿರುತ್ತದೆ. ಉಪಕರಣವನ್ನು ದೂರುವ ಬದಲು ಅದನ್ನು ಬಳಸುವುದನ್ನು ಕಲಿಯೋಣ ಅಲ್ವಾ?

ಸಂಜೆಗಾಳಿ:

ಫ್ರಿಜ್ ಉದಾಹರಣೆಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಅಲ್ಲಿ ಬೇಕು ಅನ್ನುವ ನಿರ್ಧಾರ ಮೊದಲೇ ಆಗಿದೆ, ದುಡ್ಡು ಹೇಗೆ ಅನ್ನುವುದು ಆಮೇಲಿನ ಮಾತು. ನಾನು ಹೇಳುತ್ತಿರುವುದು ಅದರ ಉಲ್ಟಾ ನಡೆಯುವಾಗಿನ ಕಥೆ. ಕಂತು ಕಂಡಿದ್ದಕ್ಕೇ ‘ಬೇಕು’ ಹುಟ್ಟುವುದು. ಹಾಗೆ ಬರುವುದು ಬೂಟು, ಬಟ್ಟೆ, ಮೇಕಪ್, ಇಯರ್‌ಫೋನು. ಕೆಟ್ಟುಹೋದ ಫ್ರಿಜ್ ಅಲ್ಲ.

ಪುಟಕಟ್ಟುವವ:

ನಾನು ಶಾಪಿಂಗ್ ಸೈಟುಗಳ ಚೆಕ್‌ಔಟ್ ಪುಟಗಳ, ಅಂದರೆ ಕೊನೆಗೆ ದುಡ್ಡು ಕಟ್ಟುವ ಪುಟಗಳ ಮೇಲೆ ಕೆಲಸ ಮಾಡುತ್ತೇನೆ. ಒಳಗಿನಿಂದ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ನಮ್ಮ ಮೀಟಿಂಗುಗಳಲ್ಲಿ ದಿನಾ ಕೇಳುವ ಪದ ‘ಫ್ರಿಕ್ಷನ್’. ಗ್ರಾಹಕ ಎಲ್ಲಿ ಒಂದು ಕ್ಷಣ ನಿಲ್ಲುತ್ತಾನೋ ಅದು ಫ್ರಿಕ್ಷನ್, ಅದನ್ನು ತೆಗೆಯಬೇಕು. ವಿಳಾಸ ತುಂಬುವುದು ಫ್ರಿಕ್ಷನ್. ಕಾರ್ಡ್ ನಂಬರ್ ಹಾಕುವುದು ಫ್ರಿಕ್ಷನ್. ಅಮೆಜಾನ್ ಒಂದೇ ಕ್ಲಿಕ್ಕಿನಲ್ಲಿ ಕೊಳ್ಳುವ ವಿಧಾನಕ್ಕೆ 1999ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದಿತ್ತು. 2017ರಲ್ಲಿ ಅದರ ಅವಧಿ ಮುಗಿಯಿತು. ಒಂದು ಕ್ಲಿಕ್ ಉಳಿಸುವುದಕ್ಕೆ ಪೇಟೆಂಟ್ ಮಾಡಿಸುವಷ್ಟು ಬೆಲೆ ಇತ್ತು ಅಂದರೆ ಲೆಕ್ಕ ಹಾಕಿ. ಕ್ಲಿಕ್ಕುಗಳನ್ನೆಲ್ಲ ಸವೆಸಿದ ಮೇಲೆ ಕೊನೆಗೆ ಉಳಿದ ದೊಡ್ಡ ಫ್ರಿಕ್ಷನ್ ಯಾವುದು? ಬೆಲೆ. ಬೆಲೆ ಇಳಿಸಲು ಆಗುವುದಿಲ್ಲ. ಆದರೆ ಕಣ್ಣಿಗೆ ಬೀಳುವ ಅಂಕಿಯನ್ನು ಇಳಿಸಬಹುದು. ನಾಲ್ಕು ಕಂತು ಮಾಡಿ, ಕಾಲು ಭಾಗವನ್ನು ದಪ್ಪ ಅಕ್ಷರದಲ್ಲಿ ಬರೆದು, ಪೂರ್ತಿ ಬೆಲೆಯನ್ನು ಪಕ್ಕದಲ್ಲಿ ತಿಳಿ ಬೂದು ಬಣ್ಣದಲ್ಲಿ ಸಣ್ಣಗೆ ಹಾಕಿದರೆ ಕೆಲಸ ಆಯಿತು.

ಇನ್ನೊಂದು ಗಮನಿಸಿ. ಮೊದಲೆಲ್ಲ ಕಂತಿನ ಆಯ್ಕೆ ಪಾವತಿ ಪುಟದಲ್ಲಿ ಮಾತ್ರ ಬರುತ್ತಿತ್ತು. ಈಗ ವಸ್ತುವಿನ ಪುಟದಲ್ಲೇ, ಬೆಲೆಯ ಕೆಳಗೇ ಬರುತ್ತದೆ. ಅಂದರೆ ಅದು ಪಾವತಿ ವಿಧಾನವಾಗಿ ಉಳಿದಿಲ್ಲ. ಜಾಹೀರಾತಿನ ಭಾಗವಾಗಿದೆ.

ನೇರಮಾತು:

ಇದೆಲ್ಲ ಮಾರಾಟದ ತಂತ್ರ, ಯಾವ ಕಾಲದಲ್ಲಿ ಇರಲಿಲ್ಲ ಹೇಳಿ? ಎಲ್ಲರೂ ದೊಡ್ಡವರೇ. ಪೂರ್ತಿ ಬೆಲೆ ಅಲ್ಲೇ ಬರೆದಿರುತ್ತದೆ, ಓದಬಹುದು.

ಲೆಕ್ಕಿಗ:

ಓದಬಹುದು ನಿಜ. ಆದರೆ ಓದುವುದು ಬೇರೆ, ತಟ್ಟುವುದು ಬೇರೆ. ಈ ಬಗ್ಗೆ ಒಂದು ಒಳ್ಳೆಯ ಪ್ರಯೋಗ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡ್ರಾಜೆನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಮಾಡಿದ್ದು, ಪ್ರಕಟವಾಗಿದ್ದು 2001ರಲ್ಲಿ. ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟುಗಳನ್ನು ಹರಾಜಿಗಿಟ್ಟರು. ಕೂಗಿದವರು ಎಂಬಿಎ ವಿದ್ಯಾರ್ಥಿಗಳು, ದುಡ್ಡಿನ ಲೆಕ್ಕ ಗೊತ್ತಿಲ್ಲದವರಲ್ಲ. ಅರ್ಧ ಜನಕ್ಕೆ ನಗದಾಗಿ ಕೊಡಬೇಕು ಅಂದರು, ಉಳಿದವರಿಗೆ ಕ್ರೆಡಿಟ್ ಕಾರ್ಡಿನಲ್ಲಿ ಕೊಡಬೇಕು ಅಂದರು. ಕಾರ್ಡಿನವರು ಸರಾಸರಿ ಎರಡು ಪಟ್ಟು ಹತ್ತಿರ ಕೂಗಿದರು. ಟಿಕೆಟ್ ಅದೇ, ಪಂದ್ಯ ಅದೇ. ಬದಲಾಗಿದ್ದು ಕೊಡುವ ರೀತಿ ಮಾತ್ರ.

ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ 1998ರಲ್ಲೇ ಇದನ್ನು ವಿವರಿಸಿದ್ದರು. ದುಡ್ಡು ಕೊಡುವಾಗ ನಮಗೆ ಒಂದು ಸಣ್ಣ ನೋವಾಗುತ್ತದೆ. ಕೊಡುವುದು ಪಡೆಯುವುದರಿಂದ ದೂರ ಹೋದಷ್ಟೂ ಕೊಳ್ಳುವ ಹೊತ್ತಿನಲ್ಲಿ ಆ ನೋವು ಕಡಿಮೆ. ಅವರ ಬರಹದಲ್ಲಿ ನನಗೆ ಬಹಳ ಹಿಡಿಸಿದ ಭಾಗ ಬೇರೆ ಇದೆ. ಮೊದಲೇ ಕೊಟ್ಟುಬಿಟ್ಟ ಪ್ರವಾಸವನ್ನು ಜನ ನಿರಾಳವಾಗಿ ಅನುಭವಿಸುತ್ತಾರೆ. ಮುಗಿದುಹೋದ ಪ್ರವಾಸಕ್ಕೆ ಆಮೇಲೆ ದುಡ್ಡು ಕಟ್ಟುತ್ತಾ ಕೂರುವುದು ಹಿಂಸೆ. ಆಸೆಗೆ ಕೊಂಡ ವಸ್ತುವಿಗೂ ಇದೇ ಮಾತು. ಬೂಟಿನ ಹೊಸತನ ಎರಡು ವಾರದಲ್ಲಿ ಹೋಗಿರುತ್ತದೆ, ಕಂತು ಇನ್ನೂ ಎರಡು ಬಾಕಿ ಇರುತ್ತದೆ.

ಈಗ ‘ಬಡ್ಡಿ ಇಲ್ಲ’ ಅನ್ನುವುದರ ಲೆಕ್ಕ ನೋಡೋಣ. ಬಡ್ಡಿ ಇಲ್ಲ, ಆದರೆ ‘ಸಣ್ಣ’ ಶುಲ್ಕ ಇದೆ ಅಂತ ಇಟ್ಟುಕೊಳ್ಳಿ. ಬೆಲೆ 100 ಭಾಗ. 25 ಈಗಲೇ, ಉಳಿದದ್ದು ಎರಡೆರಡು ವಾರಕ್ಕೆ 25ರಂತೆ. ಮೊದಲ ಎರಡು ವಾರ ನಿಮ್ಮ ಮೇಲೆ ಸಾಲ 75, ಆಮೇಲಿನ ಎರಡು ವಾರ 50, ಕೊನೆಯ ಎರಡು ವಾರ 25. ಸರಾಸರಿ ತೆಗೆದರೆ ಆರು ವಾರಕ್ಕೆ ಬರೀ 50 ಭಾಗ ಸಾಲ ಪಡೆದಂತೆ. ಶುಲ್ಕ ಬೆಲೆಯ ಶೇ 2 ಇದ್ದರೆ, ಆ 50ರ ಮೇಲೆ ಅದು ಶೇ 4 ಆಯಿತು, ಅದೂ ಆರು ವಾರಕ್ಕೆ. ವರ್ಷದ ದರಕ್ಕೆ ತಂದರೆ ಸುಮಾರು ಶೇ 35. ಇದೇ ದರದ ಸಾಲ ಅಂತ ಬರೆದು ಕೊಟ್ಟಿದ್ದರೆ ಎಷ್ಟು ಜನ ಸಹಿ ಹಾಕುತ್ತಿದ್ದರು?

ಉದ್ದದ ಕಂತುಗಳಲ್ಲೂ ಇದೇ ಮೋಸ ನಡೆಯುತ್ತದೆ. ‘ಫ್ಲಾಟ್ ಶೇ 12’ ಅಂದರೆ ಕಡಿಮೆ ಅನ್ನಿಸುತ್ತದೆ. ಆದರೆ ತಿಂಗಳಿಗೊಂದರಂತೆ ಹನ್ನೆರಡು ಸಮ ಕಂತುಗಳಲ್ಲಿ ಅಸಲು ಇಳಿಯುತ್ತಾ ಹೋದರೂ ಬಡ್ಡಿ ಪೂರ್ತಿ ಅಸಲಿನ ಮೇಲೇ ನಿಂತಿರುತ್ತದೆ. ನಿಜವಾದ ವಾರ್ಷಿಕ ದರ ಶೇ 21ರ ಮೇಲೆ ಹೋಗುತ್ತದೆ. ಯಾವಾಗಲೂ ಎಪಿಆರ್, ಅಂದರೆ ಶುಲ್ಕವೂ ಸೇರಿದ ನಿಜವಾದ ವಾರ್ಷಿಕ ದರ ಕೇಳಿ. ಅದೊಂದನ್ನು ಹೇಳದೆ ಮಿಕ್ಕ ಎಲ್ಲವನ್ನೂ ಹೇಳುವವರನ್ನು ನಂಬಬೇಡಿ.

ಪುಟ್ಟಮಳಿಗೆ:

ಮಾರುವವರ ಕಡೆಯ ಮಾತನ್ನೂ ಸೇರಿಸುತ್ತೇನೆ. ನಾನು ಆನ್‌ಲೈನ್‌ನಲ್ಲಿ ಬಟ್ಟೆ ಮಾರುತ್ತೇನೆ. ಬಡ್ಡಿ ಇಲ್ಲದೆ ಕಂತು ಕೊಡುವ ಕಂಪನಿ ಬದುಕುವುದು ಹೇಗೆ ಅಂತ ಗ್ರಾಹಕರು ಕೇಳುವುದೇ ಇಲ್ಲ. ಪ್ರತಿ ಮಾರಾಟದ ಮೇಲೆ ನನ್ನಿಂದ ಕಮಿಷನ್ ಹಿಡಿಯುತ್ತಾರೆ. ಸಾಮಾನ್ಯವಾಗಿ ಅದು ಕಾರ್ಡ್ ಶುಲ್ಕಕ್ಕಿಂತ ಜಾಸ್ತಿ. ಆದರೂ ಮಾರುವವರು ಒಪ್ಪುತ್ತಾರೆ. ಯಾಕೆಂದರೆ ಬುಟ್ಟಿ ದೊಡ್ಡದಾಗುತ್ತದೆ. ಒಂದು ಕುರ್ತಾಗೆ ಬಂದವರು ಎರಡು ಕೊಳ್ಳುತ್ತಾರೆ. ಕಂತಿನ ಕಂಪನಿಗಳು ನಮ್ಮ ಹತ್ತಿರ ಬಂದಾಗ ಹೇಳುವ ಮೊದಲ ಮಾತೇ ಅದು, ‘ನಿಮ್ಮ ಸರಾಸರಿ ಆರ್ಡರ್ ಬೆಲೆ ಏರುತ್ತದೆ’ ಅಂತ. ಗ್ರಾಹಕರಿಗೆ ಹೇಳುವುದು ‘ನಿಮ್ಮ ಬಜೆಟ್ ಹಗುರವಾಗುತ್ತದೆ’ ಅಂತ. ಎರಡೂ ಒಟ್ಟಿಗೆ ನಿಜ ಆಗುವುದು ಹೇಗೆ?

ಆ ಕಮಿಷನ್ ಕೊನೆಗೆ ಬೆಲೆಯಲ್ಲಿ ಸೇರುತ್ತದೆ. ಪೂರ್ತಿ ದುಡ್ಡು ಒಂದೇ ಸಲ ಕೊಡುವವರೂ ಅದನ್ನು ಹೊರುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ. ನನ್ನ ಸೈಟಿನಲ್ಲಿ ಕಂತಿನ ಆಯ್ಕೆ ಇದೆ, ಆದರೆ ಪಟ್ಟಿಯ ಕೊನೆಯಲ್ಲಿ ಇಟ್ಟಿದ್ದೇನೆ. ಹಾಗಂತ ಪೂರ್ತಿ ತೆಗೆದುಹಾಕಿದರೆ ನಿಜವಾಗಿ ಬೇಕಾದವರಿಗೆ ತೊಂದರೆ ಆಗುತ್ತದೆ.

ಪುಟಕಟ್ಟುವವ:

ಪುಟ್ಟಮಳಿಗೆ ಅವರು ಹೇಳಿದ ಆ ‘ಪಟ್ಟಿಯ ಕೊನೆಯಲ್ಲಿ’ ಸಣ್ಣ ವಿಷಯ ಅಲ್ಲ. ಸ್ವೀಡನ್‌ನಲ್ಲಿ 2020ರ ಜುಲೈ 1ರಿಂದ ಅದೇ ಕಾನೂನು. ಸಾಲ ಆಗದ ಪಾವತಿ ವಿಧಾನ ಇದ್ದರೆ, ಸಾಲ ಆಗುವ ವಿಧಾನವನ್ನು ಅದಕ್ಕಿಂತ ಮೇಲೆ ತೋರಿಸುವಂತಿಲ್ಲ, ಮೊದಲೇ ಟಿಕ್ ಮಾಡಿ ಇಡುವಂತೆಯೂ ಇಲ್ಲ. ಈ ವ್ಯಾಪಾರದ ಬಹಳ ದೊಡ್ಡ ಕಂಪನಿಗಳಲ್ಲಿ ಒಂದಾದ ಕ್ಲಾರ್ನಾ 2005ರಲ್ಲಿ ಹುಟ್ಟಿದ್ದು ಅದೇ ದೇಶದ ಸ್ಟಾಕ್‌ಹೋಮ್‌ನಲ್ಲಿ. ಹುಟ್ಟಿದ ಊರಿನವರಿಗೇ ಮೊದಲು ಅದರ ಗುಣ ಗೊತ್ತಾಗಿದೆ.

ನಾನು ಈ ಕೆಲಸದಲ್ಲಿ ಇದ್ದುಕೊಂಡೇ ಹೇಳುತ್ತೇನೆ, ಎಲ್ಲ ಕಡೆ ಇಷ್ಟಾದರೂ ಬರಬೇಕು. ಯಾರ ಆಯ್ಕೆಯನ್ನೂ ಕಿತ್ತುಕೊಂಡಂತೆ ಆಗುವುದಿಲ್ಲ. ಬೇಕಾದವರು ಕೆಳಗೆ ಹೋಗಿ ಒತ್ತುತ್ತಾರೆ.

ಹೊಂಗೆನೆರಳು:

ನಮ್ಮ ಮನೆಯ ಸಂಗತಿ ಹೇಳುತ್ತೇನೆ. ನಾನು ಒಂದು ಆ್ಯಪ್ ಬಳಸುತ್ತೇನೆ, ನನ್ನ ಗಂಡ ಇನ್ನೊಂದು, ಕಾಲೇಜಿಗೆ ಹೋಗುವ ಮಗಳು ಮತ್ತೊಂದು. ಒಂದೊಂದು ಕಂತೂ ಸಣ್ಣದೇ. ಯಾರೂ ಹುಚ್ಚಾಪಟ್ಟೆ ಕೊಳ್ಳುವವರಲ್ಲ. ಆದರೆ ಯಾವ ತಾರೀಕಿಗೆ ಯಾವ ಖಾತೆಯಿಂದ ಏನು ಹೋಗುತ್ತದೆ ಅಂತ ಮನೆಯಲ್ಲಿ ಒಬ್ಬರಿಗೂ ಪೂರ್ತಿ ಗೊತ್ತಿರಲಿಲ್ಲ. ಮೊನ್ನೆ ಮೂರೂ ಫೋನು ಮುಂದಿಟ್ಟುಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಕಂತನ್ನೂ ಆಯಾ ತಾರೀಕಿನ ಚೌಕದಲ್ಲಿ ಪೆನ್ಸಿಲ್‌ನಿಂದ ಬರೆದೆವು. ಸಂಬಳ ಬರುವ ಮುಂಚಿನ ವಾರದ ಚೌಕಗಳಲ್ಲಿ ಜಾಗವೇ ಸಾಲಲಿಲ್ಲ. ಎರಡು ಆ್ಯಪಿನ ಆಟೋ ಡೆಬಿಟ್ ಒಂದೇ ದಿನ ಬೀಳುತ್ತಿತ್ತು.

ಮಗಳು ಒಂದು ಮಾತು ಹೇಳಿದಳು. ‘ಆ್ಯಪ್‌ನಲ್ಲಿ ಇನ್ನೂ ಎಷ್ಟು ಮಿತಿ ಉಳಿದಿದೆ ಅಂತ ಹಸಿರು ಬಣ್ಣದಲ್ಲಿ ತೋರಿಸುತ್ತದೆ, ನನಗೆ ಅದು ನನ್ನ ದುಡ್ಡು ಅಂತಲೇ ಅನ್ನಿಸುತ್ತಿತ್ತು’ ಅಂತ. ಅವಳ ಮೇಲೆ ರೇಗಲು ನನಗೆ ಮನಸ್ಸಾಗಲಿಲ್ಲ. ಖಾತೆಯ ಬ್ಯಾಲೆನ್ಸ್ ತೋರಿಸುವ ರೀತಿಯಲ್ಲೇ ಸಾಲದ ಮಿತಿಯನ್ನೂ ತೋರಿಸಿದರೆ ಮಕ್ಕಳು ಇನ್ನೇನು ತಿಳಿಯಬೇಕು?

ಸಂಜೆಗಾಳಿ:

ಈ ಕ್ಯಾಲೆಂಡರ್ ಕೆಲಸವನ್ನು ಎಲ್ಲರೂ ಒಂದು ಸಲ ಮಾಡಬೇಕು. ಆ್ಯಪ್‌ಗಳು ಒಂದಕ್ಕೊಂದು ಮಾತಾಡುವುದಿಲ್ಲ. ಒಂದರಲ್ಲಿ ಎಷ್ಟು ಬಾಕಿ ಇದೆ ಅಂತ ಇನ್ನೊಂದು ಯಾವಾಗಲೂ ನೋಡುವುದೂ ಇಲ್ಲ. ಬಹಳ ದೇಶಗಳಲ್ಲಿ ಇಂಥ ಸಣ್ಣ ಸಾಲಗಳು ಕ್ರೆಡಿಟ್ ಬ್ಯೂರೋ (ಯಾರ ಮೇಲೆ ಎಷ್ಟು ಸಾಲ ಇದೆ ಅಂತ ಲೆಕ್ಕ ಇಡುವ ಸಂಸ್ಥೆ) ದಾಖಲೆಗೆ ಸರಿಯಾಗಿ ಸೇರುತ್ತಲೂ ಇರಲಿಲ್ಲ. ಹಾಗಾಗಿ ಕೊಡುವವರಿಗೂ ಪಡೆಯುವವರಿಗೂ ಒಟ್ಟು ಮೊತ್ತ ಕಾಣುವುದಿಲ್ಲ. ಒಂದು ದೊಡ್ಡ ಸಾಲಕ್ಕೆ ಹೋದರೆ ಬ್ಯಾಂಕಿನವರು ಆದಾಯ ಎಷ್ಟು, ಖರ್ಚು ಎಷ್ಟು ಅಂತ ಕೇಳುತ್ತಾರೆ. ಹತ್ತು ಸಣ್ಣ ಸಾಲಕ್ಕೆ ಯಾರೂ ಏನೂ ಕೇಳುವುದಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ಆಸ್ಟ್ರೇಲಿಯಾದಲ್ಲಿ 2025ರ ಜೂನ್ 10ರಿಂದ ಇಂಥ ಕಂಪನಿಗಳೂ ಸಾಲದ ಕಾನೂನಿನೊಳಗೆ ಬಂದಿವೆ. ಲೈಸೆನ್ಸ್ ಬೇಕು, ಕೊಡುವ ಮೊದಲು ತೀರಿಸುವ ಶಕ್ತಿ ಇದೆಯಾ ಅಂತ ನೋಡಬೇಕು. ತಡವಾಗಿ ಆದರೂ ಒಳ್ಳೆಯದಾಯಿತು.

ನೇರಮಾತು:

ಹೊಂಗೆನೆರಳು ಅವರ ಮಗಳು ಹೇಳಿದ ಹಸಿರು ಅಂಕಿಯ ವಿಷಯ ಕೇಳಿ ನನ್ನ ಆ್ಯಪ್ ತೆರೆದು ನೋಡಿದೆ. ಹೌದು, ಮೇಲ್ಗಡೆ ದೊಡ್ಡದಾಗಿ ‘ಲಭ್ಯ’ ಅಂತ ಇದೆ. ಬಾಕಿ ಎಷ್ಟು ಅನ್ನುವುದಕ್ಕೆ ಎರಡು ಪುಟ ಒಳಗೆ ಹೋಗಬೇಕು. ಇದನ್ನು ನಾನು ಸಮರ್ಥಿಸುವುದಿಲ್ಲ. ಪಟ್ಟಿಯ ಕ್ರಮದ ಕಾನೂನಿಗೂ ನನ್ನ ವಿರೋಧ ಇಲ್ಲ.

ಆದರೂ ಒಂದು ಪ್ರಶ್ನೆ. ನಾಳೆಯೇ ಕಂತು ಪೂರ್ತಿ ನಿಂತುಹೋಯಿತು ಅಂತ ಇಟ್ಟುಕೊಳ್ಳಿ. ಆಗಲೂ ಜನ ಸುಮ್ನೆ ಸುಮ್ನೆ ಕೊಳ್ಳುತ್ತಾರಲ್ಲ? ಅದಕ್ಕೇನು ಮಾಡುತ್ತೀರಿ?

ಲೆಕ್ಕಿಗ:

ಒಳ್ಳೆಯ ಪ್ರಶ್ನೆ. ಹಠಾತ್ ಖರೀದಿ ಎಲ್ಲವೂ ಒಂದೇ ಬಗೆಯದಲ್ಲ. ಹಾಕಿನ್ಸ್ ಸ್ಟರ್ನ್ ಅನ್ನುವವರು 1962ರಲ್ಲೇ ಇದನ್ನು ನಾಲ್ಕು ಬಗೆ ಮಾಡಿದ್ದರು. ನೋಡಿದ ತಕ್ಷಣ ಹುಟ್ಟುವ ಶುದ್ಧ ಆಸೆ ಒಂದು. ‘ಅಯ್ಯೋ, ಮನೆಯಲ್ಲಿ ಇದು ಮುಗಿದಿತ್ತಲ್ಲ’ ಅಂತ ನೆನಪಾಗುವುದು ಇನ್ನೊಂದು. ಮೊದಲ ಸಲ ಕಂಡ ವಸ್ತು ಉಪಯೋಗಕ್ಕೆ ಬರಬಹುದು ಅನ್ನಿಸುವುದು ಮೂರನೆಯದು. ರಿಯಾಯಿತಿ ಏನಿದೆಯೋ ನೋಡಿ ಕೊಳ್ಳೋಣ ಅಂತಲೇ ಹೋಗುವುದು ನಾಲ್ಕನೆಯದು. ಎರಡನೆಯದನ್ನು ತಡೆಯುವ ಅಗತ್ಯವೇ ಇಲ್ಲ. ಆನ್‌ಲೈನ್‌ನಲ್ಲಿ ನಮ್ಮನ್ನು ಹೆಚ್ಚು ಕೆಡಿಸುವುದು ಮೊದಲನೆಯದು ಮತ್ತು ನಾಲ್ಕನೆಯದು. ನಾಲ್ಕನೆಯದರಲ್ಲಿ ‘ಉಳಿಸಿದೆ’ ಅನ್ನುವ ಭಾವನೆ ಬೇರೆ ಇರುತ್ತದೆ.

ಪುಟಕಟ್ಟುವವ:

ಆ ಎರಡಕ್ಕೂ ಗಡಿಯಾರ ಕಟ್ಟುತ್ತಾರೆ. ‘ಆಫರ್ ಮುಗಿಯಲು 9 ನಿಮಿಷ’. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ 2019ರಲ್ಲಿ ಸುಮಾರು 11,000 ಶಾಪಿಂಗ್ ಸೈಟುಗಳನ್ನು ಸಾಫ್ಟ್‌ವೇರ್‌ನಿಂದ ಜಾಲಾಡಿತು. ಗ್ರಾಹಕರನ್ನು ದಾರಿ ತಪ್ಪಿಸುವ 1,818 ವಿನ್ಯಾಸಗಳು ಸಿಕ್ಕವು. ಅವುಗಳಲ್ಲಿ ಸುಳ್ಳು ಗಡಿಯಾರಗಳೂ ಇದ್ದವು. ಸಮಯ ಮುಗಿದರೂ ಆಫರ್ ಹಾಗೇ ಇರುತ್ತದೆ, ಇಲ್ಲವೇ ಪುಟವನ್ನು ಮತ್ತೆ ತೆರೆದರೆ ಗಡಿಯಾರ ಮೊದಲಿನಿಂದ ಶುರುವಾಗುತ್ತದೆ. ನೀವೇ ಪರೀಕ್ಷೆ ಮಾಡಬಹುದು. ಬ್ರೌಸರಿನಲ್ಲಿ ಪ್ರೈವೇಟ್ ವಿಂಡೋ ತೆರೆದು ಅದೇ ಪುಟಕ್ಕೆ ಹೋಗಿ. ಗಡಿಯಾರ ಮತ್ತೆ ಪೂರ್ತಿ ಸಮಯ ತೋರಿಸಿದರೆ ಅದು ಸುಳ್ಳು.

ವೆಬ್‌ಸೈಟ್ ವಿನ್ಯಾಸದ ಪರಿಣತ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಇಂಥವಕ್ಕೆ ‘ಡಾರ್ಕ್ ಪ್ಯಾಟರ್ನ್’ ಅಂತ ಹೆಸರಿಟ್ಟರು. ಭಾರತದಲ್ಲೂ 2023ರ ನವೆಂಬರ್ 30ರಂದು ಇದರ ಬಗ್ಗೆ ಮಾರ್ಗಸೂಚಿ ಬಂತು. 13 ಬಗೆಗಳನ್ನು ಅದರಲ್ಲಿ ಹೆಸರಿಸಿದ್ದಾರೆ. ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ಏನನ್ನೋ ಸೇರಿಸುವುದು, ‘ಬೇಡ’ ಅನ್ನುವವರಿಗೆ ನಾಚಿಕೆ ಆಗುವಂತೆ ಬರೆಯುವುದು, ಎಲ್ಲ ಅದರಲ್ಲಿವೆ. ಕಣ್ಣಿಗೆ ಬಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಸುಮ್ಮನೆ ಬೈದುಕೊಂಡು ಬಿಡಬೇಡಿ.

ಸಂಜೆಗಾಳಿ:

ನೇರಮಾತು ಅವರ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಆಸೆಯನ್ನು ನಿಲ್ಲಿಸಲು ಹೋಗುವುದು ಬೇಡ, ಆ ಬಿಡುವನ್ನು ಮಾತ್ರ ಅದರ ಹಳೆಯ ಜಾಗಕ್ಕೆ ತಂದು ಕೂರಿಸಬೇಕು. ‘ಇನ್ನು ಮೇಲೆ ಅನವಶ್ಯಕ ಕೊಳ್ಳುವುದಿಲ್ಲ’ ಅನ್ನುವ ಶಪಥ ಕೆಲಸ ಮಾಡುವುದಿಲ್ಲ, ಅದು ಬಹಳ ದೊಡ್ಡದು, ಯಾವ ಕ್ಷಣಕ್ಕೂ ಅಂಟುವುದಿಲ್ಲ. ‘ಹೀಗಾದರೆ ಹೀಗೆ ಮಾಡುತ್ತೇನೆ’ ಅನ್ನುವ ಸಣ್ಣ ನಿಯಮ ನಿಲ್ಲುತ್ತದೆ. ಕಾರ್ಟಿಗೆ ಹಾಕಿದ ವಸ್ತುವನ್ನು ರಾತ್ರಿ ಕೊಳ್ಳುವುದಿಲ್ಲ, ಬೆಳಿಗ್ಗೆ ನೋಡುತ್ತೇನೆ. ಕಂತಿನಲ್ಲಿ ಕೊಳ್ಳಬೇಕು ಅನ್ನಿಸಿದರೆ, ಮೊದಲ ಕಂತಿನ ದುಡ್ಡನ್ನು ಬೇರೆ ಖಾತೆಗೆ ಹಾಕಿ ಎರಡು ವಾರ ಕಾಯುತ್ತೇನೆ. ಎರಡನೇ ಕಂತಿನ ಹೊತ್ತಿಗೂ ಬೇಕು ಅನ್ನಿಸಿದರೆ ಕೊಳ್ಳುತ್ತೇನೆ. ಬಹಳ ಸಲ ಎರಡನೇ ಕಂತು ಬರುವಷ್ಟರಲ್ಲಿ ಆ ವಸ್ತುವಿನ ಹೆಸರೇ ಮರೆತಿರುತ್ತದೆ, ಖಾತೆಯಲ್ಲಿ ದುಡ್ಡು ಮಾತ್ರ ಉಳಿದಿರುತ್ತದೆ.

ಇದರ ಜೊತೆಗೆ ಸೇವ್ ಆಗಿರುವ ಕಾರ್ಡುಗಳನ್ನು ಅಳಿಸಿ, ಆಫರ್ ನೋಟಿಫಿಕೇಷನ್ ಆಫ್ ಮಾಡಿ. ಕೆಲಸ ಎರಡು ನಿಮಿಷದ್ದು. ಕಾರ್ಡ್ ತರಲು ಎದ್ದು ಹೋಗಬೇಕಾದರೆ ಅಷ್ಟರಲ್ಲೇ ಮನಸ್ಸು ಬದಲಾಗುವುದುಂಟು.

ನೇರಮಾತು:

ಕಂತನ್ನು ಕೊಳ್ಳುವ ಮೊದಲೇ ಕಟ್ಟಿ ನೋಡುವುದು ಚೆನ್ನಾಗಿದೆ. ಫ್ರಿಜ್ ಕೆಟ್ಟವರಿಗೆ ಇದು ಅನ್ವಯಿಸುವುದಿಲ್ಲ, ಬೂಟಿಗೆ ಅನ್ವಯಿಸುತ್ತದೆ. ಇಷ್ಟಕ್ಕೆ ಒಪ್ಪಿದೆ.

ಹೊಂಗೆನೆರಳು:

ಒಂದು ತುರ್ತು ಪ್ರಶ್ನೆ. ಮಗಳು ಕಂತಿನಲ್ಲಿ ತರಿಸಿದ್ದ ಜಾಕೆಟ್ ಅಳತೆ ಸರಿ ಇಲ್ಲ ಅಂತ ವಾಪಸ್ ಕಳಿಸಿದ್ದೇವೆ. ಮಾರಿದವರು ರಿಫಂಡ್ ಆಗಿದೆ ಅನ್ನುತ್ತಾರೆ. ಆದರೆ ಕಂತಿನ ಆ್ಯಪ್‌ನಲ್ಲಿ ಮುಂದಿನ ಕಂತು ಹಾಗೇ ತೋರಿಸುತ್ತಿದೆ. ಬ್ಯಾಂಕಿಗೆ ಹೇಳಿ ಆಟೋ ಡೆಬಿಟ್ ನಿಲ್ಲಿಸಿಬಿಡಲಾ?

ಲೆಕ್ಕಿಗ:

ಬೇಡ, ತಕ್ಷಣ ನಿಲ್ಲಿಸಬೇಡಿ. ಇಲ್ಲಿ ಎರಡು ಬೇರೆ ಬೇರೆ ಒಪ್ಪಂದಗಳಿವೆ. ಜಾಕೆಟ್ ಕೊಂಡದ್ದು ಮಾರುವವರ ಜೊತೆ, ಸಾಲ ಪಡೆದದ್ದು ಇನ್ನೊಬ್ಬರ ಜೊತೆ. ವಸ್ತು ವಾಪಸ್ ಹೋದ ಮಾತ್ರಕ್ಕೆ ಸಾಲ ತಾನಾಗಿ ಮುಗಿಯುವುದಿಲ್ಲ. ರಿಫಂಡ್ ಆದ ಸುದ್ದಿ ಸಾಲ ಕೊಟ್ಟವರಿಗೆ ತಲುಪುವವರೆಗೆ ಅವರ ಪ್ರಕಾರ ಕಂತು ಬಾಕಿಯೇ. ನಡುವೆ ಡೆಬಿಟ್ ತಪ್ಪಿದರೆ ದಂಡ ಬೀಳಬಹುದು, ಕ್ರೆಡಿಟ್ ಸ್ಕೋರಿಗೂ ಪೆಟ್ಟು.

ಮೊದಲು ಮಾರಿದವರಿಂದ ರಿಫಂಡ್ ನಂಬರ್ ಮತ್ತು ತಾರೀಕನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕೊರಿಯರ್ ರಸೀದಿ ಇಟ್ಟುಕೊಳ್ಳಿ. ಆಮೇಲೆ ಕಂತಿನ ಆ್ಯಪ್‌ನಲ್ಲಿ ಆ ಆರ್ಡರ್ ತೆರೆದು ನೋಡಿ. ಬಹಳ ಆ್ಯಪ್‌ಗಳಲ್ಲಿ ‘ವಸ್ತು ವಾಪಸ್ ಮಾಡಿದ್ದೇನೆ’ ಅಂತ ತಿಳಿಸಲು ಜಾಗ ಇರುತ್ತದೆ. ಅಲ್ಲಿ ತಿಳಿಸಿದರೆ ಕೆಲವರು ಕಂತನ್ನು ತಡೆಹಿಡಿಯುತ್ತಾರೆ. ಇಲ್ಲದಿದ್ದರೆ ಚಾಟ್‌ನಲ್ಲಿ ಕೇಳಿ, ಆ ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ಅಷ್ಟರೊಳಗೆ ಕಂತಿನ ದಿನ ಬಂದುಬಿಟ್ಟರೆ ಕಟ್ಟಿ, ಆಮೇಲೆ ವಾಪಸ್ ಕೇಳಿ.

ಪುಟ್ಟಮಳಿಗೆ:

ಮಾರುವವರ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಎರಡು ವಸ್ತು ಕೊಂಡು ಒಂದನ್ನು ಮಾತ್ರ ವಾಪಸ್ ಮಾಡಿದ್ದರೆ, ಕೆಲವು ಕಂಪನಿಗಳು ರಿಫಂಡ್ ಮೊತ್ತವನ್ನು ಕೊನೆಯ ಕಂತಿನಿಂದ ಕಳೆಯುತ್ತಾ ಬರುತ್ತವೆ, ಮುಂದಿನ ಕಂತಿನಿಂದ ಅಲ್ಲ. ಆಗ ಮುಂದಿನ ಕಂತು ಬದಲಾಗದೆ ಹಾಗೇ ಕಾಣುತ್ತದೆ. ಅದು ತಪ್ಪೇ ಆಗಿರಬೇಕು ಅಂತಿಲ್ಲ. ಪೂರ್ತಿ ಕಂತುಗಳ ಪಟ್ಟಿ ತೆರೆದು ಒಟ್ಟು ಬಾಕಿ ಇಳಿದಿದೆಯಾ ನೋಡಿ.

ಹೊಂಗೆನೆರಳು:

ಪಟ್ಟಿ ತೆರೆದು ನೋಡಿದೆ. ಒಟ್ಟು ಬಾಕಿ ಇಳಿದಿಲ್ಲ, ಅಂದರೆ ರಿಫಂಡ್ ಅವರಿಗೆ ಇನ್ನೂ ತಲುಪಿಲ್ಲ. ಆರ್ಡರಿನ ಒಳಗೆ ವಾಪಸ್ ತಿಳಿಸುವ ಜಾಗ ಸಿಕ್ಕಿತು, ರಿಫಂಡ್ ನಂಬರ್ ಹಾಕಿದ್ದೇನೆ. ಕಂತಿನ ತಾರೀಕು ಮುಂದಕ್ಕೆ ಹೋಗಿದೆ ಅಂತ ಈಗ ತೋರಿಸುತ್ತಿದೆ. ಮಗಳ ಕೈಯಲ್ಲೇ ಮಾಡಿಸಿದೆ, ಮುಂದಿನ ಸಲ ಅವಳಿಗೇ ಗೊತ್ತಿರಲಿ ಅಂತ. ಆ ಹೊಸ ತಾರೀಕಿನೊಳಗೆ ಬಾಕಿ ಇಳಿಯದಿದ್ದರೆ ಇಲ್ಲೇ ಬಂದು ಕೇಳುತ್ತೇನೆ.